ಪಿತ್ರಾರ್ಜಿತ, ಸ್ವಯಾರ್ಜಿತ: ವರ್ಡ್ ಪ್ರೊಸೆಸರ್‌ನಲ್ಲಿ ಪ್ಯಾರಾಗ್ರಾಫ್ ಸ್ಟೈಲ್ ಬಳಸುವ ಬಗೆ

ಸುಗ್ಗಿ ಹಬ್ಬ ಪುತ್ತರಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಕೊಡಗಿನ ಗೋಣಿಕೊಪ್ಪಲಿನ ನಮ್ಮ ಡಿಟಿಪಿ ಅಂಗಡಿಗೆ ಒಬ್ಬರು ಹಿರಿಯರು ಬಂದಿದ್ದರು. ಅವರ ಒಕ್ಕದ, ಅಂದರೆ ಮನೆತನದ, ಚರಿತ್ರೆಯ ಪುಸ್ತಕ, 96 ಪುಟ, ಟೈಪಿಂಗ್ ಮುಗಿದು ಪ್ರೂಫ್ ಅವರ ಕೈಯಲ್ಲಿತ್ತು. ತಪ್ಪುಗಳು ಹೆಚ್ಚಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಷರ ಸ್ವಲ್ಪ ದೊಡ್ಡದು ಮಾಡಿಕೊಡಮ್ಮ, ನಮ್ಮ ಪ್ರಾಯದವರಿಗೆ ಓದಲಿಕ್ಕೆ ಕಷ್ಟ" ಎಂದರು. ಆಯಿತು ಎಂದೆ. ಆ ಒಂದು ಮಾತು ನಡೆಸಿಕೊಡಲು ನನಗೆ ಮೂರು ರಾತ್ರಿ ಬೇಕಾಯಿತು.

ಪೂರ್ತಿ ಪುಸ್ತಕ ಸೆಲೆಕ್ಟ್ ಮಾಡಿ 14 ಪಾಯಿಂಟ್ ಕೊಟ್ಟರೆ ಹೆಡಿಂಗು, ಫೋಟೋ ಕೆಳಗಿನ ಸಾಲು, ತಲೆಮಾರಿನ ಪಟ್ಟಿ ಎಲ್ಲವೂ 14 ಆಗಿಬಿಟ್ಟವು. ಅದನ್ನು ಹಿಂದಕ್ಕೆ ತಂದು ಒಂದೊಂದೇ ಪ್ಯಾರಾ ಹಿಡಿದು ತಿದ್ದಬೇಕಾಯಿತು. ಟೈಪ್ ಮಾಡುವಾಗ ಪ್ರತಿ ಪ್ಯಾರಾಕ್ಕೂ ಕೈಯಿಂದಲೇ ಸೈಜು, ಫಾಂಟು, ಅಂತರ ಕೊಡುತ್ತ ಹೋಗಿದ್ದೆ. ಹಾಗಾಗಿ ಬದಲಾವಣೆಯನ್ನೂ ಪ್ರತಿ ಪ್ಯಾರಾಕ್ಕೆ ಕೈಯಿಂದಲೇ ಮಾಡಬೇಕಾಯಿತು. ಅಲ್ಲಿಂದೀಚೆಗೆ ಯಾವ ಪುಸ್ತಕ, ಯಾವ ಸಂಘದ ವಾರ್ಷಿಕ ವರದಿ ಬಂದರೂ ಮೊದಲು ಸ್ಟೈಲ್ ಕಟ್ಟಿಕೊಂಡೇ ಟೈಪಿಂಗಿಗೆ ಕೂರುತ್ತೇನೆ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಲಿಬ್ರೆ ಆಫೀಸ್ ರೈಟರ್ ಮತ್ತು ಮೈಕ್ರೋಸಾಫ್ಟ್ ವರ್ಡ್ ಎರಡಕ್ಕೂ ಇದು ಸಲ್ಲುತ್ತದೆ. ಎಲ್ಲಿ ಬೇರೆಯೋ ಅಲ್ಲಿ ಬೇರೆಯಾಗಿ ಹೇಳಿದ್ದೇನೆ.

ಬೇರು ಎಲ್ಲಿದೆ

ಪ್ಯಾರಾಗ್ರಾಫ್ ಸ್ಟೈಲ್ ಎಂದರೆ ಹೆಸರಿಟ್ಟ ಒಂದು ಗುಣಗಳ ಗಂಟು: ಫಾಂಟ್, ಸೈಜ್, ಸಾಲಿನ ಅಂತರ, ಅಂಚು, ಬಣ್ಣ, ಭಾಷೆ. ಈ ಗಂಟುಗಳು ಬಿಡಿಬಿಡಿಯಾಗಿ ನಿಂತಿರುವುದಿಲ್ಲ, ಒಂದಕ್ಕೊಂದು ತಂದೆ ಮಕ್ಕಳಾಗಿರುತ್ತವೆ. ರೈಟರ್‌ನಲ್ಲಿ ಎಲ್ಲದರ ಮೂಲ, ಅಂದರೆ ಬೇರು, 'ಡಿಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್'. ಅದರ ಮಕ್ಕಳು 'ಬಾಡಿ ಟೆಕ್ಸ್ಟ್', 'ಹೆಡಿಂಗ್', 'ಕ್ಯಾಪ್ಶನ್', 'ಟೇಬಲ್ ಕಂಟೆಂಟ್ಸ್' ಮುಂತಾದವು. 'ಹೆಡಿಂಗ್'ನ ಮಕ್ಕಳು 'ಹೆಡಿಂಗ್ 1', 'ಹೆಡಿಂಗ್ 2' ಹೀಗೆ. ವರ್ಡ್‌ನಲ್ಲಿ ಮೂಲದ ಹೆಸರು 'ನಾರ್ಮಲ್'.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಆಸ್ತಿಯಲ್ಲಿ ಪಿತ್ರಾರ್ಜಿತ ಬೇರೆ, ಸ್ವಯಾರ್ಜಿತ ಬೇರೆ ಎನ್ನುವುದು ತಲೆಮಾರುಗಳಿಂದ ಬಂದ ಜಮ್ಮಾ ಜಾಗ ಇರುವ ಮನೆಯ ಮಗುವಿಗೂ ಗೊತ್ತು. ಸ್ಟೈಲ್ ಕೂಡ ಹಾಗೆಯೇ. ಮಗ ಸ್ಟೈಲ್ ತಾನಾಗಿ ಏನನ್ನೂ ಹೇಳದ ಕಡೆ ಅಪ್ಪನದ್ದೇ ನಡೆಯುತ್ತದೆ, ಅದು ಪಿತ್ರಾರ್ಜಿತ. ಮಗನಲ್ಲಿ ಬೇರೆಯಾಗಿ ಬರೆದಿಟ್ಟದ್ದು ಸ್ವಯಾರ್ಜಿತ. ಅಪ್ಪನಲ್ಲಿ ಮುಂದೆ ಏನೇ ಬದಲಾದರೂ ಪಿತ್ರಾರ್ಜಿತವಾಗಿ ಬಂದದ್ದು ಜೊತೆಗೇ ಬದಲಾಗುತ್ತದೆ, ಸ್ವಯಾರ್ಜಿತದ್ದು ಕದಲುವುದಿಲ್ಲ. 'ಬೇರಲ್ಲಿ ಫಾಂಟ್ ಬದಲಾಯಿಸಿದೆ, ಹೆಡಿಂಗ್ ಮಾತ್ರ ಹಾಗೇ ಉಳಿಯಿತು' ಎಂದು ಹೇಳುವವರೆಲ್ಲ ನೋಡುತ್ತಿರುವುದು ಇದನ್ನೇ. 'ಹೆಡಿಂಗ್' ಸ್ಟೈಲ್‌ಗೆ ಮೊದಲಿನಿಂದಲೂ ತನ್ನದೇ ಫಾಂಟ್ ಇದೆ.

ಇವೆಲ್ಲದರ ಮೇಲೆ ಇನ್ನೊಂದು ಪದರ ಇದೆ. ಟೂಲ್‌ಬಾರ್‌ನಲ್ಲಿ ಬೋಲ್ಡ್ ಒತ್ತಿ, ಸೈಜ್ ಪೆಟ್ಟಿಗೆಯಲ್ಲಿ 14 ಹೊಡೆದು ಮಾಡುವ ನೇರ ತಿದ್ದುಪಡಿ. ಒಂದು ಅಕ್ಷರದ ಸೈಜು ಎಷ್ಟು ಎಂದು ತಿಳಿಯಲು ತಂತ್ರಾಂಶ ಮೊದಲು ನೇರ ತಿದ್ದುಪಡಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಆ ಅಕ್ಷರಗಳಿಗೆ ಹಾಕಿದ ಕ್ಯಾರೆಕ್ಟರ್ ಸ್ಟೈಲ್, ಅಲ್ಲೂ ಇಲ್ಲದಿದ್ದರೆ ಪ್ಯಾರಾದ ಸ್ಟೈಲ್, ಆಮೇಲೆ ಅದರ ಅಪ್ಪ, ಅಜ್ಜ, ಹೀಗೆ ಮೇಲೇರುತ್ತ ಬೇರಿನವರೆಗೆ ಹೋಗುತ್ತದೆ. ಮೊದಲು ಎಲ್ಲಿ ಉತ್ತರ ಸಿಗುತ್ತದೆಯೋ ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ನನ್ನ 96 ಪುಟಗಳಲ್ಲಿ ಉತ್ತರ ಪ್ರತಿ ಸಲವೂ ಮೊದಲ ಮೆಟ್ಟಿಲಲ್ಲೇ ಸಿಗುತ್ತಿತ್ತು. ಹಾಗಾಗಿ ಬೇರಿನಲ್ಲಿ ನಾನು ಏನು ಬದಲಾಯಿಸಿದರೂ ಅದು ಯಾರಿಗೂ ಮುಟ್ಟಲಿಲ್ಲ.

ಶುರು ಮಾಡುವ ಮೊದಲು: ಬರಹ ಯುನಿಕೋಡ್‌ನಲ್ಲಿದೆಯೇ?

ಈ ಮಾತನ್ನು ಮೊದಲೇ ಹೇಳುತ್ತೇನೆ, ತಡವಾಗಿ ತಿಳಿದರೆ ಕೆಲಸ ಕೆಡುತ್ತದೆ. ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟುಗಳಲ್ಲಿ ಆಸ್ಕಿ ಸಂಕೇತದಲ್ಲಿ ಟೈಪ್ ಮಾಡಿದ ಕಡತಗಳು ನಮ್ಮಲ್ಲಿ ಈಗಲೂ ಬೇಕಾದಷ್ಟು ಬರುತ್ತವೆ. ಅವುಗಳ ಒಳಗೆ ಇರುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಲಿಪಿಯ ಚಿಹ್ನೆಗಳಿಗೆ ಕನ್ನಡದ ಫಾಂಟ್ ಹೊದಿಸಿರುತ್ತಾರೆ. ಅಂಥ ಕಡತದಲ್ಲಿ ನೇರ ತಿದ್ದುಪಡಿ ಅಳಿಸಿದರೆ ಹೊದಿಕೆ ಕಳಚಿ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಕಡತ ಹಾಳಾಯಿತೆಂದು ಗಾಬರಿಪಟ್ಟು ಓಡಿ ಬಂದವರಿದ್ದಾರೆ. ಹಾಳಾಗಿರುವುದಿಲ್ಲ, ಕಂಟ್ರೋಲ್ ಝಡ್ ಒತ್ತಿದರೆ ವಾಪಸ್ ಬರುತ್ತದೆ. ಆದರೆ ಮೊದಲು ಪರಿವರ್ತಕ ಬಳಸಿ, ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ಯುನಿಕೋಡ್‌ಗೆ ತನ್ನಿ, ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ, ಆಮೇಲೆ ಸ್ಟೈಲ್ ಕೆಲಸಕ್ಕೆ ಕೈ ಹಾಕಿ.

ಮೊದಲ ಹೆಜ್ಜೆ: ಕನ್ನಡಕ್ಕೆ ಬೇರೆಯೇ ಕೋಣೆ ಇದೆ

ಬೇರಿನ ಸ್ಟೈಲ್‌ನಲ್ಲಿ ಫಾಂಟ್ 'ನೋಟೊ ಸೆರಿಫ್ ಕನ್ನಡ', ಸೈಜ್ 13 ಎಂದು ಕೊಟ್ಟು ಓಕೆ ಒತ್ತಿದರೂ ಕನ್ನಡ ಅಕ್ಷರ ಅಲ್ಲಾಡುವುದೇ ಇಲ್ಲ, ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಪದ ಮತ್ತು ಅಂಕಿಗಳು ಮಾತ್ರ ಬದಲಾಗುತ್ತವೆ. ಕನ್ನಡದಲ್ಲಿ ಸ್ಟೈಲ್ ಬಳಸಲು ಹೊರಟವರು ಅರ್ಧದಲ್ಲಿ ಬಿಟ್ಟುಬಿಡುವುದು ಬಹಳ ಸಲ ಇಲ್ಲಿಯೇ.

ಕಾರಣ ಹೀಗಿದೆ. ಈ ಎರಡೂ ತಂತ್ರಾಂಶಗಳು ಪ್ರತಿ ಸ್ಟೈಲ್‌ನಲ್ಲಿ ಫಾಂಟ್, ಸೈಜ್, ಬೋಲ್ಡ್ ಇವನ್ನು ಲಿಪಿಯ ಗುಂಪಿಗೆ ತಕ್ಕಂತೆ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತವೆ. ಇಂಗ್ಲಿಷಿನಂಥ ಲಿಪಿಗಳಿಗೆ ಒಂದು, ಚೀನಿ, ಜಪಾನಿಯಂಥವಕ್ಕೆ ಒಂದು, ಕನ್ನಡ, ಹಿಂದಿ, ಅರಬ್ಬಿಯಂಥವಕ್ಕೆ ಒಂದು. ಕನ್ನಡದ್ದು ಇರುವ ಕೋಣೆಯನ್ನು ರೈಟರ್ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎನ್ನುತ್ತದೆ, ವರ್ಡ್ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎನ್ನುತ್ತದೆ. ಕೊಡವ ತಕ್ಕ್ ಆಗಲಿ ಅರೆಭಾಷೆ ಆಗಲಿ, ಕನ್ನಡ ಲಿಪಿಯಲ್ಲಿ ಬರೆದದ್ದೆಲ್ಲ ಇದೇ ಕೋಣೆಗೆ ಸೇರುತ್ತದೆ. ಆಸ್ಕಿ ನುಡಿಯ ಬರಹ ಮಾತ್ರ ಇಂಗ್ಲಿಷಿನ ಕೋಣೆಯಲ್ಲಿ ಕೂತಿರುತ್ತದೆ. ಅರ್ಧ ನುಡಿ, ಅರ್ಧ ಯುನಿಕೋಡ್ ಇರುವ ಕಡತದಲ್ಲಿ ಒಂದು ಭಾಗ ಮಾತಿಗೆ ಬಗ್ಗಿ ಇನ್ನೊಂದು ಬಗ್ಗದೆ ಉಳಿಯುವುದು ಇದರಿಂದಲೇ.

ರೈಟರ್‌ನಲ್ಲಿ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಯ ವಿಭಾಗದಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಮುಂದೆ ಟಿಕ್ ಹಾಕಿ, ಭಾಷೆ ಕನ್ನಡ ಎಂದು ಆರಿಸಿ. ವರ್ಡ್‌ನಲ್ಲಿ ಆಪ್ಷನ್ಸ್‌ನ ಲ್ಯಾಂಗ್ವೇಜ್ ಭಾಗದಲ್ಲಿ ಕನ್ನಡವನ್ನು ಸೇರಿಸಿ. ಇದಾದ ಮೇಲೆಯೇ ಫಾಂಟ್ ಕಿಟಕಿಯಲ್ಲಿ ಕನ್ನಡದ ಕೋಣೆ ಕಾಣಿಸಿಕೊಳ್ಳುತ್ತದೆ. ಇನ್ನು ಮುಂದೆ ನಾನು 'ಫಾಂಟ್ ಕೊಡಿ, ಸೈಜ್ ಕೊಡಿ' ಎಂದಲ್ಲೆಲ್ಲ ಇಂಗ್ಲಿಷಿನದು, ಕನ್ನಡದ್ದು ಎರಡೂ ಕೋಣೆಗಳಲ್ಲಿ ಕೊಡಿ ಎಂದೇ ಅರ್ಥ.

ಎರಡನೆಯ ಹೆಜ್ಜೆ: ಬೇರಿನಲ್ಲಿ ಕಡಿಮೆ ಇಡಿ

ರೈಟರ್‌ನಲ್ಲಿ ಎಫ್11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ತೆರೆಯುತ್ತದೆ. ಕೆಳಗಿನ ಪೆಟ್ಟಿಗೆಯಲ್ಲಿ 'ಹೈರಾರ್ಕಿಕಲ್' ಎಂದು ಆರಿಸಿದರೆ ವಂಶವೃಕ್ಷವೇ ಕಣ್ಣ ಮುಂದೆ ಬರುತ್ತದೆ, ಯಾರು ಯಾರ ಮಕ್ಕಳು ಎಂದು. ಡಿಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್ ಮೇಲೆ ಬಲ ಕ್ಲಿಕ್ ಮಾಡಿ ತಿದ್ದಲು ತೆರೆಯಿರಿ. ವರ್ಡ್‌ನಲ್ಲಿ ಹೋಮ್ ಟ್ಯಾಬ್‌ನ ಸ್ಟೈಲ್‌ಗಳಲ್ಲಿ 'ನಾರ್ಮಲ್' ಮೇಲೆ ಬಲ ಕ್ಲಿಕ್ ಮಾಡಿ 'ಮಾಡಿಫೈ', ಅಲ್ಲಿ ಕೆಳಗಿನ 'ಫಾರ್ಮ್ಯಾಟ್' ಗುಂಡಿಯಿಂದ 'ಫಾಂಟ್'.

ಇಲ್ಲಿ ಏನು ಇಡಬೇಕು? ಫಾಂಟ್, ಸೈಜ್, ಭಾಷೆ. ಸಾಲಿನ ಅಂತರವನ್ನೂ ಬೇಕಿದ್ದರೆ ಇಡಬಹುದು, ಆದರೆ ಪ್ರಮಾಣದ ಲೆಕ್ಕದಲ್ಲಿ: 120 ಅಥವಾ 130 ಶೇಕಡಾ, ವರ್ಡ್‌ನಲ್ಲಾದರೆ 'ಮಲ್ಟಿಪಲ್' ಆರಿಸಿ 1.2, 1.3. 'ಎಕ್ಸಾಕ್ಟ್‌ಲಿ', 'ಫಿಕ್ಸ್ಡ್' ಎಂದು ಕಟ್ಟಿಹಾಕಬೇಡಿ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬಂಥ ಪದಗಳಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ಅಂತರ ಬಿಗಿಯಾಗಿದ್ದರೆ ಅದರ ಬುಡ ಕತ್ತರಿಸಿಹೋಗುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಏನು ಇಡಬಾರದು ಎನ್ನುವುದು ಇನ್ನೂ ಮುಖ್ಯ. ಪ್ಯಾರಾ ಮೊದಲ ಸಾಲಿನ ಇಂಡೆಂಟ್, ಎರಡೂ ಅಂಚಿಗೆ ಸಮ ಮಾಡುವ ಜಸ್ಟಿಫೈ, ಪ್ಯಾರಾ ನಂತರದ ಜಾಗ, ಇವನ್ನು ಬೇರಿನಲ್ಲಿ ಇಡಲೇಬೇಡಿ. ಪುಟದ ತಲೆಯ ಸಾಲು, ಪುಟಸಂಖ್ಯೆ, ಪಟ್ಟಿಯ ಕೋಣೆ, ಅಡಿಟಿಪ್ಪಣಿ ಎಲ್ಲವೂ ಇದೇ ಬೇರಿನ ಸಂತಾನ. ಬೇರಿಗೆ ಇಂಡೆಂಟ್ ಕೊಟ್ಟರೆ ತಲೆಮಾರಿನ ಪಟ್ಟಿಯ ಪ್ರತಿ ಕೋಣೆಯಲ್ಲೂ ಹೆಸರು ಒಳಗೆ ಸರಿದು ಕೂರುತ್ತದೆ. ಜಸ್ಟಿಫೈ ಕೊಟ್ಟರೆ ಸಣ್ಣ ಕೋಣೆಯಲ್ಲಿ ಎರಡು ಸಾಲಿಗೆ ಹೋದ ಹೆಸರಿನ ಪದಗಳು ಆ ಅಂಚಿಗೊಂದು ಈ ಅಂಚಿಗೊಂದು ಹೋಗುತ್ತವೆ.

ಆದ್ದರಿಂದ ಪುಸ್ತಕದ ಮೈಬರಹವನ್ನು ಬೇರಿನಲ್ಲೇ ಟೈಪ್ ಮಾಡಬೇಡಿ. 'ಬಾಡಿ ಟೆಕ್ಸ್ಟ್' ಬಳಸಿ, ಅದು ಎರಡರಲ್ಲೂ ಇದೆ. ರೈಟರ್‌ನಲ್ಲಿ ಕಂಟ್ರೋಲ್ ಮತ್ತು 0 ಒತ್ತಿದರೆ ಪ್ಯಾರಾ ಬಾಡಿ ಟೆಕ್ಸ್ಟ್ ಆಗುತ್ತದೆ, ಕಂಟ್ರೋಲ್ ಮತ್ತು 1 ಒತ್ತಿದರೆ ಹೆಡಿಂಗ್ 1. ಇಂಡೆಂಟ್, ಜಸ್ಟಿಫೈ, ಪ್ಯಾರಾ ನಂತರದ ಜಾಗ ಎಲ್ಲವೂ ಬಾಡಿ ಟೆಕ್ಸ್ಟ್‌ನ ಸ್ವಯಾರ್ಜಿತ. ಫಾಂಟ್ ಮತ್ತು ಸೈಜ್ ಅಲ್ಲಿ ಮುಟ್ಟಬೇಡಿ, ಬೇರಿನಿಂದ ಬರಲಿ.

ವರ್ಡ್ ಬಳಸುವವರಿಗೆ ಒಂದು ಮಾತು. ಅಲ್ಲಿ ನಾರ್ಮಲ್‌ಗಿಂತಲೂ ಕೆಳಗೆ ಇನ್ನೊಂದು ನೆಲಗಟ್ಟು ಇದೆ, ದಾಖಲೆಯ ಡಿಫಾಲ್ಟ್‌ಗಳು. ಹೊಸ ಕಡತ ತೆರೆದು ಎಂಟರ್ ಒತ್ತಿದಾಗ ಪ್ಯಾರಾಗಳ ನಡುವೆ ತಾನಾಗಿ ಬರುವ 8 ಪಾಯಿಂಟ್ ಜಾಗ ಇರುವುದು ನಾರ್ಮಲ್‌ನಲ್ಲಿ ಅಲ್ಲ, ಅಲ್ಲಿ. ಮ್ಯಾನೇಜ್ ಸ್ಟೈಲ್ಸ್ ಕಿಟಕಿಯ 'ಸೆಟ್ ಡಿಫಾಲ್ಟ್ಸ್' ಟ್ಯಾಬ್‌ನಲ್ಲಿ ಅದನ್ನು ಬದಲಾಯಿಸಬಹುದು. ಯಾವ ಸ್ಟೈಲ್‌ನಲ್ಲೂ ಕಾಣದ ಜಾಗ ಪುಟದಲ್ಲಿ ಕಂಡರೆ ಹುಡುಕಬೇಕಾದದ್ದು ಅಲ್ಲಿ.

ಮೂರನೆಯ ಹೆಜ್ಜೆ: ಮಕ್ಕಳನ್ನು ಮಾಡುವುದು

ಒಕ್ಕದ ಪುಸ್ತಕದ ಉದಾಹರಣೆಯನ್ನೇ ಹಿಡಿಯುತ್ತೇನೆ. ಅದರಲ್ಲಿ ಕಥನ ಇತ್ತು, ನಡುನಡುವೆ ದುಡಿ ಬಡಿಯುತ್ತ ಹಾಡುವ ಪಾಟ್‌ಗಳ ಸಾಲುಗಳು ಇದ್ದವು, ಐನ್‌ಮನೆ (ಒಕ್ಕದ ಮೂಲ ಮನೆ), ಕೈಮಡದ (ಹಿರಿಯರ ಗುಡಿ) ಫೋಟೋಗಳು ಇದ್ದವು, ತಲೆಮಾರಿನ ಪಟ್ಟಿ ಇತ್ತು.

ಪಾಟ್‌ನ ಸಾಲುಗಳಿಗೆ ಹೊಸ ಸ್ಟೈಲ್ ಬೇಕು. ರೈಟರ್‌ನಲ್ಲಿ ಬಾಡಿ ಟೆಕ್ಸ್ಟ್ ಮೇಲೆ ಬಲ ಕ್ಲಿಕ್ ಮಾಡಿ 'ನ್ಯೂ' ಎಂದರೆ ಬಾಡಿ ಟೆಕ್ಸ್ಟನ್ನೇ ಅಪ್ಪನಾಗಿ ಇಟ್ಟುಕೊಂಡ ಹೊಸ ಸ್ಟೈಲ್ ತೆರೆಯುತ್ತದೆ. ಹೆಸರು 'ಪಾಟ್' ಎಂದು ಕೊಡಿ, ಕನ್ನಡದಲ್ಲೇ ಕೊಡಬಹುದು. ಅಪ್ಪನನ್ನು ತೋರಿಸುವ ಪೆಟ್ಟಿಗೆ ರೈಟರ್‌ನಲ್ಲಿ 'ಇನ್‌ಹೆರಿಟ್ ಫ್ರಮ್', ವರ್ಡ್‌ನಲ್ಲಿ 'ಸ್ಟೈಲ್ ಬೇಸ್ಡ್ ಆನ್'. ಇನ್ನು ಪಾಟ್ ಎಲ್ಲೆಲ್ಲಿ ಅಪ್ಪನಿಗಿಂತ ಬೇರೆ ಎಂಬುದನ್ನಷ್ಟೇ ಹೇಳಬೇಕು: ಎಡ ಅಂಚು 1.5 ಸೆಂಟಿಮೀಟರ್, ಮೊದಲ ಸಾಲಿನ ಇಂಡೆಂಟ್ 0, ಜೋಡಣೆ ಎಡಕ್ಕೆ, ಪ್ಯಾರಾ ನಂತರದ ಜಾಗ 0. ನಾಲ್ಕೇ ಮಾತು. ಫಾಂಟ್ ಟ್ಯಾಬ್‌ಗೆ ಹೋಗಿ 'ಇರಲಿ, ಖಚಿತವಾಗಿರಲಿ' ಎಂದು ಅಪ್ಪನಲ್ಲಿದ್ದ ಫಾಂಟನ್ನೇ ಮತ್ತೆ ಆರಿಸಿಡಬೇಡಿ. ರೈಟರ್‌ನಲ್ಲಿ ಹಾಗೆ ಮಾಡಿದ ಕೂಡಲೇ ಅದು ಸ್ವಯಾರ್ಜಿತವಾಗಿಬಿಡುತ್ತದೆ, ಮುಂದೆ ಬೇರಲ್ಲಿ ಫಾಂಟ್ ಬದಲಾಯಿಸಿದಾಗ ಪಾಟ್ ಹಿಂದೆಯೇ ಉಳಿಯುತ್ತದೆ. ಇಂದು ಎರಡೂ ಒಂದೇ ಥರ ಕಾಣುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ಸ್ಟೈಲ್‌ನ ಸ್ವಯಾರ್ಜಿತ ಏನೇನು ಎಂದು ನೋಡಲು ರೈಟರ್‌ನಲ್ಲಿ ಸ್ಟೈಲ್ ಕಿಟಕಿಯ ಮೊದಲ ಟ್ಯಾಬ್‌ನ ಕೆಳಗಿನ 'ಕಂಟೇನ್ಸ್' ಪೆಟ್ಟಿಗೆ ಓದಿ. ವರ್ಡ್‌ನಲ್ಲಿ 'ಮಾಡಿಫೈ' ಕಿಟಕಿಯ ಕೆಳಭಾಗದ ವಿವರಣೆ ಅದೇ ಕೆಲಸ ಮಾಡುತ್ತದೆ. ಬೇಡದ್ದು ಸೇರಿಕೊಂಡಿದ್ದರೆ ರೈಟರ್‌ನಲ್ಲಿ ಆಯಾ ಟ್ಯಾಬ್‌ಗೆ ಹೋಗಿ 'ರೀಸೆಟ್ ಟು ಪೇರೆಂಟ್' ಒತ್ತಿ. ಹಳೆಯ ಆವೃತ್ತಿಗಳಲ್ಲಿ ಈ ಗುಂಡಿಯ ಹೆಸರು 'ಸ್ಟ್ಯಾಂಡರ್ಡ್'. ಆ ಟ್ಯಾಬ್‌ನ ಸ್ವಯಾರ್ಜಿತವೆಲ್ಲ ಹೋಗಿ ಅಪ್ಪನದ್ದು ಬರುತ್ತದೆ.

ಹೆಡಿಂಗ್ ವಿಚಾರದಲ್ಲಿ ಎರಡೂ ತಂತ್ರಾಂಶಗಳ ದಾರಿ ಬೇರೆ. ರೈಟರ್‌ನಲ್ಲಿ 'ಹೆಡಿಂಗ್' ಎಂಬ ಅಪ್ಪ ಇರುವುದರಿಂದ ಫಾಂಟನ್ನು ಅಲ್ಲಿ ಒಮ್ಮೆ ಕೊಟ್ಟರೆ ಹೆಡಿಂಗ್ 1, 2, 3 ಎಲ್ಲಕ್ಕೂ ಹೋಗುತ್ತದೆ. ಸೈಜನ್ನು ಶೇಕಡಾದಲ್ಲಿ ಕೊಡುವ ಸೌಲಭ್ಯವೂ ಇದೆ, ನನಗೆ ಬಹಳ ಇಷ್ಟವಾದದ್ದು ಇದು. ಸೈಜ್ ಪೆಟ್ಟಿಗೆಯಲ್ಲಿ 130% ಎಂದು ಟೈಪ್ ಮಾಡಿದರೆ ಅಪ್ಪನ ಸೈಜಿನ ಒಂದೂಕಾಲಿಗಿಂತ ತುಸು ಹೆಚ್ಚು, ಅಪ್ಪ ಎಷ್ಟಾದರೂ ಇದು ಅದಕ್ಕೆ ತಕ್ಕಂತೆ. 'ಹೆಡಿಂಗ್'ಗೂ ಹೀಗೆ ಶೇಕಡಾದಲ್ಲೇ ಕೊಟ್ಟರೆ ಬೇರಿನಲ್ಲಿ 12ನ್ನು 14 ಮಾಡಿದಾಗ ಹೆಡಿಂಗುಗಳೂ ತಮ್ಮ ಅನುಪಾತದಲ್ಲೇ ಬೆಳೆಯುತ್ತವೆ. ವರ್ಡ್‌ನಲ್ಲಿ ಶೇಕಡಾ ಇಲ್ಲ. ಅಲ್ಲಿ ಪ್ರತಿ ಹೆಡಿಂಗ್ ನೇರವಾಗಿ ನಾರ್ಮಲ್‌ನ ಮಗು, ಪ್ರತಿಯೊಂದಕ್ಕೂ ತನ್ನದೇ ಫಾಂಟ್ ಮತ್ತು ಸೈಜ್. ಹೆಡಿಂಗ್ 1, 2, 3 ಮೂರನ್ನೂ ಬೇರೆಬೇರೆಯಾಗಿಯೇ ತಿದ್ದಬೇಕು.

ಫೋಟೋ ಕೆಳಗಿನ ಸಾಲಿಗೆ 'ಕ್ಯಾಪ್ಶನ್' ಇದೆ. ಅದರಲ್ಲಿ ಇಟಾಲಿಕ್ ಇದ್ದರೆ ಕನ್ನಡದ ಕೋಣೆಯಲ್ಲಿ ತೆಗೆದುಬಿಡಿ. ಕನ್ನಡದ ಬಹುಪಾಲು ಫಾಂಟುಗಳಲ್ಲಿ ನಿಜವಾದ ಓರೆ ಅಕ್ಷರ ಇರುವುದಿಲ್ಲ, ತಂತ್ರಾಂಶವೇ ಅಕ್ಷರವನ್ನು ಬಾಗಿಸಿ ತೋರಿಸುತ್ತದೆ. ದುಂಡಗಿನ ನಮ್ಮ ಅಕ್ಷರಕ್ಕೆ ಅದು ಚೆನ್ನಾಗಿ ಕಾಣುವುದಿಲ್ಲ. ಸೈಜು ಸ್ವಲ್ಪ ಚಿಕ್ಕದು ಮಾಡಿದರೆ ಸಾಕು.

'ನೆಕ್ಸ್ಟ್ ಸ್ಟೈಲ್' ಎಂಬುದು ಅಪ್ಪ ಮಕ್ಕಳ ಸಂಬಂಧವಲ್ಲ, ಎಂಟರ್ ಒತ್ತಿದ ಮೇಲೆ ಮುಂದಿನ ಪ್ಯಾರಾ ಯಾವ ಸ್ಟೈಲ್ ಎಂದು ಹೇಳುವುದು ಮಾತ್ರ. ಹೆಡಿಂಗ್ ನಂತರ ಬಾಡಿ ಟೆಕ್ಸ್ಟ್, ಪಾಟ್ ನಂತರ ಪಾಟ್ ಎಂದಿಡಿ.

ನಾಲ್ಕನೆಯ ಹೆಜ್ಜೆ: ಹಳೆಯ ಕಡತವನ್ನು ದಾರಿಗೆ ತರುವುದು

ಬೇರೆಯವರು ಟೈಪ್ ಮಾಡಿ ತಂದ ಕಡತದಲ್ಲಿ ನೇರ ತಿದ್ದುಪಡಿ ತುಂಬಿರುತ್ತದೆ. ಎಲ್ಲಿ ಎಷ್ಟು ಎಂದು ಮೊದಲು ನೋಡಿಕೊಳ್ಳಿ. ರೈಟರ್ 7.6ರಿಂದ ಸ್ಟೈಲ್‌ಗಳ ಪಟ್ಟಿಯಲ್ಲಿ 'ಸ್ಪಾಟ್‌ಲೈಟ್' ಇದೆ. ಅದನ್ನು ಟಿಕ್ ಮಾಡಿದರೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಸ್ಟೈಲ್‌ನ ಬಣ್ಣ, ಸಂಖ್ಯೆ ಕಾಣುತ್ತದೆ, ನೇರ ತಿದ್ದುಪಡಿ ಇದ್ದಲ್ಲಿ ಆ ಬಣ್ಣದ ಮೇಲೆ ಓರೆ ಗೆರೆಗಳು ಬರುತ್ತವೆ. ವರ್ಡ್‌ನಲ್ಲಿ ಶಿಫ್ಟ್ ಮತ್ತು ಎಫ್1 ಒತ್ತಿ, 'ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್' ಟಿಕ್ ಮಾಡಿದರೆ ಯಾವ ಗುಣ ಎಲ್ಲಿಂದ ಬಂತು ಎಂದು ವಿಂಗಡಿಸಿ ತೋರಿಸುತ್ತದೆ.

ಆಮೇಲೆ ಕಡತದ ಒಂದು ಪ್ರತಿ ಎತ್ತಿಟ್ಟು, ಪ್ರತಿ ಪ್ಯಾರಾಕ್ಕೂ ಸರಿಯಾದ ಸ್ಟೈಲ್ ಹಾಕಿ, ನೇರ ತಿದ್ದುಪಡಿ ಅಳಿಸಿ. ರೈಟರ್‌ನಲ್ಲಿ ಫಾರ್ಮ್ಯಾಟ್ ಮೆನುವಿನ 'ಕ್ಲಿಯರ್ ಡೈರೆಕ್ಟ್ ಫಾರ್ಮ್ಯಾಟಿಂಗ್'. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ ಪ್ಯಾರಾದ ತಿದ್ದುಪಡಿಯನ್ನು, ಕಂಟ್ರೋಲ್ ಮತ್ತು ಸ್ಪೇಸ್ ಅಕ್ಷರದ ತಿದ್ದುಪಡಿಯನ್ನು ತೆಗೆಯುತ್ತದೆ. ಬೇಕೆಂದೇ ಹಾಕಿದ ಬೋಲ್ಡ್ ಕೂಡ ಇದರಲ್ಲಿ ಹೋಗಬಹುದು, ಹಾಗಾಗಿ ಹಳೆಯ ಪ್ರಿಂಟ್ ಪಕ್ಕದಲ್ಲಿ ಇಟ್ಟುಕೊಂಡು ಮಾಡಿ.

ಬೇರೆಲ್ಲಿಂದಲೋ ತಂದು ಅಂಟಿಸುವಾಗ ಫಾರ್ಮ್ಯಾಟ್ ಇಲ್ಲದ ಬರಿಯ ಅಕ್ಷರವನ್ನಷ್ಟೇ ಅಂಟಿಸಿ, ವರ್ಡ್‌ನಲ್ಲಿ ಅದು 'ಕೀಪ್ ಟೆಕ್ಸ್ಟ್ ಓನ್ಲಿ'. ವಾಟ್ಸಾಪ್‌ನಲ್ಲಿ, ಮೇಲ್‌ನಲ್ಲಿ ಬಂದ ಬರಹಕ್ಕಂತೂ ಇದು ಬೇಕೇ ಬೇಕು.

ಒಳಗೆ ಏನಿದೆ ಎಂದು ಒಮ್ಮೆ ನೋಡಿ

ಕುತೂಹಲ ಇದ್ದವರು ರೈಟರ್ ಉಳಿಸುವ ಒಂದು ಓಡಿಟಿ ಕಡತದ ಪ್ರತಿ ಮಾಡಿ, ಹೆಸರಿನ ಕೊನೆಯನ್ನು ಝಿಪ್ ಎಂದು ಬದಲಿಸಿ ಬಿಚ್ಚಿ ನೋಡಿ. 2006ರಲ್ಲಿ ಐಎಸ್ಒ ಮಾನಕವಾದ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್ ಇದು, ಒಳಗೆ ಬಚ್ಚಿಟ್ಟದ್ದು ಏನೂ ಇಲ್ಲ. 'ಸ್ಟೈಲ್ಸ್' ಎಂಬ ಎಕ್ಸ್ಎಂಎಲ್ ಕಡತದಲ್ಲಿ ಪ್ರತಿ ಸ್ಟೈಲ್ ಮುಂದೆ ಅದರ ಅಪ್ಪನ ಹೆಸರು ಬರೆದಿರುತ್ತದೆ, ಅದರ ಕೆಳಗೆ ಆ ಸ್ಟೈಲ್‌ನ ಸ್ವಯಾರ್ಜಿತ ಮಾತ್ರ. 'ಕಂಟೆಂಟ್' ಎಂಬ ಕಡತದಲ್ಲಿ ಪಿ1, ಪಿ2 ಎಂಬ ಹೆಸರಿನ ಸ್ಟೈಲ್‌ಗಳು ಕಾಣುತ್ತವೆ. ಅವನ್ನು ನೀವು ಮಾಡಿದ್ದಲ್ಲ. ಪ್ಯಾರಾಕ್ಕೆ ನೇರ ತಿದ್ದುಪಡಿ ಮಾಡಿದಾಗ ತಂತ್ರಾಂಶ ಗುಟ್ಟಾಗಿ ಹುಟ್ಟಿಸಿದ ಮಕ್ಕಳು. ನನ್ನ ಆ 96 ಪುಟದ ಕಡತದಲ್ಲಿ ಅವು ಇನ್ನೂರು ದಾಟಿದ್ದವು. ಮೂರು ರಾತ್ರಿ ನಾನು ಏನನ್ನು ಬೆನ್ನಟ್ಟುತ್ತಿದ್ದೆ ಎಂಬುದು ಆ ಪಟ್ಟಿ ನೋಡಿದಾಗ ಅರ್ಥವಾಯಿತು.

ಟೆಂಪ್ಲೇಟ್ ಆಗಿ ಉಳಿಸುವುದು

ಕಟ್ಟಿದ ಸ್ಟೈಲ್‌ಗಳನ್ನು ಮುಂದಿನ ಪುಸ್ತಕಕ್ಕೂ ಬಳಸಲು ರೈಟರ್‌ನಲ್ಲಿ ಫೈಲ್ ಮೆನುವಿನ ಟೆಂಪ್ಲೇಟ್ಸ್‌ನಿಂದ ಟೆಂಪ್ಲೇಟ್ ಆಗಿ ಉಳಿಸಿ, ಬೇಕಿದ್ದರೆ ಅದನ್ನೇ ಡಿಫಾಲ್ಟ್ ಮಾಡಿ. ವರ್ಡ್‌ನಲ್ಲಿ 'ಮಾಡಿಫೈ' ಕಿಟಕಿಯಲ್ಲಿ 'ನ್ಯೂ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದಿಸ್ ಟೆಂಪ್ಲೇಟ್' ಆರಿಸಿದರೆ ಹೊಸ ಕಡತಗಳಿಗೂ ಬರುತ್ತದೆ, ಇಲ್ಲದಿದ್ದರೆ ಆ ಒಂದು ಕಡತಕ್ಕೆ ಮಾತ್ರ.

ಪ್ರೆಸ್‌ಗೆ ಕಳಿಸುವ ಮೊದಲು

ಕೊನೆಗೆ ನಾನು ತಪ್ಪದೆ ಮಾಡುವ ಒಂದು ಪರೀಕ್ಷೆ ಇದೆ. ಬೇರಿನ ಸ್ಟೈಲ್ ತೆರೆದು ಎರಡೂ ಕೋಣೆಗಳಲ್ಲಿ ಸೈಜನ್ನು 20 ಮಾಡುತ್ತೇನೆ. ಪುಟಗಳು ಉಬ್ಬಿ ಓಡುತ್ತವೆ, ಓಡಲಿ. ಮೊದಲ ಪುಟದಿಂದ ಕೊನೆಯವರೆಗೆ ನೋಡುತ್ತ ಹೋಗುವಾಗ ಯಾವ ಪ್ಯಾರಾ ಬೆಳೆಯದೆ ಚಿಕ್ಕದಾಗಿಯೇ ನಿಂತಿದೆಯೋ ಅಲ್ಲಿ ನೇರ ತಿದ್ದುಪಡಿ ಉಳಿದಿದೆ, ಇಲ್ಲವೇ ಅದರ ಸ್ಟೈಲ್‌ಗೆ ತನ್ನದೇ ಸೈಜ್ ಇದೆ. ವರ್ಡ್‌ನ ಹೆಡಿಂಗುಗಳು ಬೆಳೆಯದಿರುವುದು ಸಹಜ, ಮೈಬರಹ ಬೆಳೆಯದಿದ್ದರೆ ಅದು ದೋಷ. ಅಂಥವನ್ನು ಗುರುತು ಹಾಕಿಕೊಂಡು ಸರಿಪಡಿಸಿ, ಬೇರಿನ ಸೈಜನ್ನು ಮೊದಲಿನ ಅಳತೆಗೆ ತಂದು, ಪರಿವಿಡಿಯನ್ನು ಅಪ್‌ಡೇಟ್ ಮಾಡಿ ಪಿಡಿಎಫ್ ತೆಗೆಯುತ್ತೇನೆ.

ಅದೇ ಒಕ್ಕದವರು ಹೊಸ ತಲೆಮಾರಿನ ಹೆಸರುಗಳನ್ನು ಸೇರಿಸಿ ಪುಸ್ತಕವನ್ನು ಎರಡನೆಯ ಸಲ ತಂದಾಗ ಆ ಹಿರಿಯರೂ ಜೊತೆಗೆ ಬಂದಿದ್ದರು. "ಇನ್ನೂ ಒಂದು ಚೂರು ದೊಡ್ಡದಾಗುತ್ತದಾಮ್ಮ?" ಎಂದು ಕೇಳಿದರು. ಅವರು ಕುರ್ಚಿಯಲ್ಲಿ ಕುಳಿತು ಕಾಫಿ ಮುಗಿಸುವಷ್ಟರಲ್ಲಿ 14 ಹೋಗಿ 15 ಆಗಿತ್ತು, ಪಾಟ್‌ನ ಸಾಲುಗಳೂ ತಲೆಮಾರಿನ ಪಟ್ಟಿಯೂ ಅದರೊಂದಿಗೆ ಬೆಳೆದಿದ್ದವು. ಪ್ರಿಂಟ್ ತೆಗೆದು ಒಂದು ಪುಟ ಅವರ ಕೈಗೆ ಕೊಟ್ಟೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಓದಲು ಶುರು ಮಾಡಿದರು.